ಗಾಡಿ ಎಡಕ್ಕೆ ಎಳೀತಿದೆಯಾ? ಹುಲಿಕಲ್ ಘಾಟಿಯನ್ನೇ ಕೇಳಿ ನೋಡಿ

ಕಾರು ಒಂದು ಕಡೆಗೆ ಎಳೀತಿದೆ ಅಂತ ಯಾವ ಗ್ಯಾರೇಜಿಗೆ ಹೋದರೂ ಮೊದಲು ಸಿಗುವ ಉತ್ತರ ಒಂದೇ: "ಅಲೈನ್‌ಮೆಂಟ್ ಹೋಗಿದೆ ಮಾರಾಯ್ರೆ, ಒಂದ್ಸಲ ಮಾಡ್ಸಿ, ಸರಿ ಆಗ್ತದೆ." ಮಾಡಿಸುತ್ತೇವೆ. ಕಂಪ್ಯೂಟರಿನಿಂದ ಹಸಿರು ಗೆರೆಗಳ ಒಂದು ಹಾಳೆ ಕೈಗೆ ಬರುತ್ತದೆ. ವಾಪಸ್ ಬರುವಾಗ ಗಾಡಿ ಮೊದಲಿನ ಹಾಗೇ ಚರಂಡಿ ಕಡೆಗೆ ಮುಖ ಮಾಡುತ್ತದೆ.

ಇದಕ್ಕೆ ಕಾರಣ ಬಹಳ ಸರಳ. ನಮ್ಮಲ್ಲಿ ಓಡಾಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಕಂಪನಿ ಕೊಟ್ಟ ಹೊಂದಾಣಿಕೆ ಸಾಮಾನ್ಯವಾಗಿ ಟೋ ಒಂದಕ್ಕೇ. ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಮೆಶಿನ್ ಅಳೆದು ತೋರಿಸುತ್ತದೆ, ಆದರೆ ತಿರುಗಿಸೋಕೆ ಬೋಲ್ಟೇ ಇರುವುದಿಲ್ಲ. ಇನ್ನು ಮುಂದಿನ ಚಕ್ರಗಳ ಟೋ ತಪ್ಪಿದರೆ ಗಾಡಿ ಎಳೆಯುವುದೇ ಇಲ್ಲ ಅನ್ನಬಹುದು. ಎರಡು ಚಕ್ರಗಳೂ ಟೋವನ್ನು ತಮ್ಮೊಳಗೆ ಸಮಪಾಲು ಮಾಡಿಕೊಂಡು ನೇರಕ್ಕೆ ಉರುಳುತ್ತವೆ. ಸೊಟ್ಟಗಾಗುವುದು ಸ್ಟೇರಿಂಗ್ ಮಾತ್ರ, ಜೊತೆಗೆ ಟೈರು ಸವೆಯುತ್ತದೆ. ಹಾಗಾಗಿ ಎರಡು ದೂರುಗಳನ್ನು ಮೊದಲೇ ಬೇರೆ ಮಾಡಿಕೊಳ್ಳಬೇಕು. ಸ್ಟೇರಿಂಗ್ ಸೊಟ್ಟ ಇದ್ದು, ಕೈ ಸಡಿಲಿಸಿದರೆ ಗಾಡಿ ನೇರ ಹೋದರೆ ಅದು ಟೋ. ಸ್ಟೇರಿಂಗ್ ನೇರವೇ ಇದ್ದು, ಕೈ ಸಡಿಲಿಸಿದ ಕೂಡಲೇ ಗಾಡಿ ಒಂದು ಕಡೆ ಹೊರಟರೆ ಅದು ಎಳೆತ. ಈ ಲೇಖನ ಎರಡನೆಯದರ ಬಗ್ಗೆ.

ಉದಾಹರಣೆಗೆ ಹುಲಿಕಲ್ ಯಾಕೆ ಅಂತೀರಾ? ತೀರ್ಥಹಳ್ಳಿಯಿಂದ ಯಡೂರು, ಮಾಸ್ತಿಕಟ್ಟೆ ದಾಟಿ, ಹುಲಿಕಲ್‌ನಿಂದ ಕೆಳಗಿಳಿದು ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರಕ್ಕೆ ಹೋಗುವ ದಾರಿ ಅದು. ಬಾಳೆಬರೆ ಘಾಟಿ ಅಂತಲೂ ಕರೆಯುತ್ತಾರೆ. ಒಂದೇ ರಸ್ತೆಯಲ್ಲಿ ಉದ್ದದ ಏರು, ಉದ್ದದ ಇಳಿಜಾರು, ಬೆನ್ನುಬೆನ್ನಿಗೆ ತಿರುವುಗಳು, ಅದರ ಮೇಲೆ ಮಳೆ. ವರ್ಷಕ್ಕೆ ಏಳೆಂಟು ಸಾವಿರ ಮಿಲಿಮೀಟರ್ ಸುರಿದ ವರ್ಷಗಳು ಹುಲಿಕಲ್ ದಾಖಲೆಯಲ್ಲಿವೆ. ಗಾಡಿ ಹಾಳು ಮಾಡೋಕೆ ಬೇಕಾದದ್ದೆಲ್ಲ ಇಲ್ಲಿದೆ. ಯಾಕೆ ಹಾಳಾಯ್ತು ಅಂತ ಹೇಳುವುದೂ ಇದೇ ರಸ್ತೆ. ಊರೊಳಗೆ ಎಡಕ್ಕೆ ಎಳೆದರೆ ಕಿರಿಕಿರಿ, ಅಷ್ಟೆ. ಘಾಟಿಯಲ್ಲಿ ಮಂಜಿನ ನಡುವೆ ಬ್ರೇಕ್ ಒತ್ತಿದಾಗ ಗಾಡಿ ಬಲಕ್ಕೆ ಅರ್ಧ ಮೀಟರ್ ಹೋದರೆ, ಅಲ್ಲಿ ಎದುರಿಂದ ಬಸ್ಸು ಬರುತ್ತಿರುತ್ತದೆ.

ಮೊದಲು ಒಂದು ಚಿಕ್ಕ ಲೆಕ್ಕ. ನೂರು ಮೀಟರ್ ಹೋಗುವಷ್ಟರಲ್ಲಿ ಗಾಡಿ ಒಂದು ಮೀಟರ್ ಎಡಕ್ಕೆ ಸರಿಯಿತು ಅಂದುಕೊಳ್ಳಿ. ಅದು ಎಷ್ಟು ದೊಡ್ಡ ವೃತ್ತದ ಮೇಲೆ ಓಡುತ್ತಿದೆ? ನೂರರ ವರ್ಗವನ್ನು ಎರಡರಿಂದ ಭಾಗಿಸಿ: ತ್ರಿಜ್ಯ 5000 ಮೀಟರ್, ಅಂದರೆ 5 ಕಿಲೋಮೀಟರ್. ವೀಲ್‌ಬೇಸ್ 2.4 ಮೀಟರ್ ಇದ್ದರೆ ಚಕ್ರ ತಿರುಗಿರಬೇಕಾದ ಕೋನ 2.4 ಭಾಗಿಸು 5000, ಡಿಗ್ರಿಗೆ ತಂದರೆ 0.03ರ ಆಸುಪಾಸು. ಸ್ಟೇರಿಂಗ್‌ನಲ್ಲಿ ಅದು ಅರ್ಧ ಡಿಗ್ರಿಯೂ ಆಗುವುದಿಲ್ಲ. ಡ್ರೈವರಿಗೆ "ಗಾಡಿ ಸಿಕ್ಕಾಪಟ್ಟೆ ಎಳೀತಿದೆ" ಅನ್ನಿಸೋಕೆ ಇಷ್ಟು ಸಾಕು. ಇಷ್ಟು ಸಣ್ಣ ಕೋನಕ್ಕೆ ಕಾರಣ ಎಲ್ಲಿ ಬೇಕಾದರೂ ಅಡಗಿರಬಹುದು: ಟೈರಿನೊಳಗೆ, ಬ್ರೇಕಿನಲ್ಲಿ, ರಬ್ಬರ್ ಬುಷ್‌ನಲ್ಲಿ, ರಸ್ತೆಯಲ್ಲೂ. ಕಣ್ಣಲ್ಲಿ ನೋಡಿ ಹೇಳುವ ಮಾತಲ್ಲ. ಒಂದೊಂದನ್ನೇ ಹೊರಗಿಡುತ್ತಾ ಬರಬೇಕು.

ಮೊದಲ ಅನುಮಾನ ರಸ್ತೆಯ ಮೇಲೆ. ನೀರು ಹರಿದು ಹೋಗಲಿ ಅಂತ ರಸ್ತೆಗೆ ನಡುವೆ ಬೆನ್ನು ಕೊಟ್ಟಿರುತ್ತಾರೆ. ಮಳೆ ಜಾಸ್ತಿ ಇರುವ ಕಡೆ ಡಾಂಬರು ರಸ್ತೆಗೆ ಎರಡೂವರೆ ಪರ್ಸೆಂಟ್‌ವರೆಗೆ ಅಡ್ಡ ಇಳಿಜಾರು ಇರುತ್ತದೆ. ಜನ ಕೂತ ಮೇಲೆ 1100 ಕೆ.ಜಿ. ತೂಗುವ ಕಾರಿಗೆ ಈ ಇಳಿಜಾರಿನಿಂದ ಬರುವ ಅಡ್ಡ ಬಲ ಸುಮಾರು 270 ನ್ಯೂಟನ್. ಇಪ್ಪತ್ತೇಳು ಕೆ.ಜಿ. ತೂಕದಷ್ಟು ಒತ್ತಡವನ್ನು ಯಾರೋ ಬಾಗಿಲಿಗೆ ಹಾಕಿ ಎಡಕ್ಕೆ ತಳ್ಳುತ್ತಲೇ ಇದ್ದ ಹಾಗೆ. ನಾವು ಎಡಗಡೆ ಓಡಿಸುವವರು, ಆದ್ದರಿಂದ ಆರೋಗ್ಯವಾಗಿರುವ ಕಾರೂ ನಮ್ಮ ರಸ್ತೆಯಲ್ಲಿ ಸ್ವಲ್ಪ ಎಡಕ್ಕೇ ವಾಲುತ್ತದೆ.

ಇಲ್ಲಿ ಬಹಳ ಜನ ಒಂದು ಪರೀಕ್ಷೆ ಮಾಡುತ್ತಾರೆ: ಹೋಗುವಾಗ ಎಡಕ್ಕೆ ಎಳೆಯಿತು, ಅದೇ ರಸ್ತೆಯಲ್ಲಿ ವಾಪಸ್ ಬರುವಾಗಲೂ ಎಡಕ್ಕೇ ಎಳೆಯಿತು, ಅಂದಮೇಲೆ ದೋಷ ಗಾಡಿಯದ್ದೇ ಅಂತ. ತರ್ಕ ಚೆನ್ನಾಗಿದೆ, ಆದರೆ ತಪ್ಪು. ವಾಪಸ್ ಬರುವಾಗಲೂ ನೀವು ನಿಮ್ಮ ಎಡಗಡೆಯಲ್ಲೇ ಇರುತ್ತೀರಿ, ಬೆನ್ನಿನ ಇನ್ನೊಂದು ಪಕ್ಕದಲ್ಲಿ. ಇಳಿಜಾರು ಆಗಲೂ ನಿಮ್ಮ ಎಡಕ್ಕೇ ಇರುತ್ತದೆ. ಎರಡು ದಿಕ್ಕಿನ ಪರೀಕ್ಷೆಗೆ ಅರ್ಥ ಬರುವುದು ಒಂದೇ ಪಟ್ಟಿಯ ನೆಲದ ಮೇಲೆ ಹೋಗಿ ಬಂದರೆ. ಅದಕ್ಕೆ ಕಾಂಕ್ರೀಟ್ ಹಾಕಿದ ಖಾಲಿ ಅಂಗಳ ಬೇಕು, ಇಲ್ಲವೇ ನಮ್ಮ ಕಾಲೇಜಿನಂಥ ಕಡೆ ಭಾನುವಾರದ ಪಾರ್ಕಿಂಗ್. ಮಲೆನಾಡಿನಲ್ಲಿ ಇನ್ನೂರು ಮೀಟರ್ ನೇರ, ಸಮತಟ್ಟಾದ ರಸ್ತೆ ಹುಡುಕುವುದೇ ಒಂದು ಪ್ರಾಜೆಕ್ಟ್ ವರ್ಕ್.

ಘಾಟಿಯಲ್ಲಿ ಇನ್ನೊಂದು ಮಜಾ ಇದೆ. ಬೆಟ್ಟದ ರಸ್ತೆಗಳಲ್ಲಿ ನಡುಬೆನ್ನು ಕೊಡದೆ, ಇಡೀ ರಸ್ತೆಯನ್ನು ಧರೆಯ ಕಡೆಗೇ ವಾಲಿಸುವ ಪದ್ಧತಿ ಉಂಟು. ನೀರು ಕಣಿವೆ ಕಡೆಯ ಅಂಚನ್ನು ಕೊರೆಯಬಾರದು, ಧರೆಯ ಬುಡದ ಚರಂಡಿಗೆ ಇಳಿಯಬೇಕು ಅಂತ. ಹಾಗಿದ್ದ ಕಡೆ ಹತ್ತುವಾಗ ಧರೆ ನಿಮ್ಮ ಎಡಕ್ಕಿದ್ದರೆ ಇಳಿಯುವಾಗ ಬಲಕ್ಕಿರುತ್ತದೆ, ಎಳೆತವೂ ಬಲಕ್ಕಾಗುತ್ತದೆ. "ಹತ್ತುವಾಗ ಎಡ, ಇಳಿಯುವಾಗ ಬಲ, ಎಂತದೋ ದೊಡ್ಡ ಪ್ರಾಬ್ಲಮ್ಮು" ಅಂತ ಗಾಬರಿ ಬೀಳುವ ಮುಂಚೆ ನೀರು ಯಾವ ಕಡೆ ಹರೀತಿದೆ ನೋಡಿ. ಮಳೆಗಾಲದಲ್ಲಿ ರಸ್ತೆಯೇ ಉತ್ತರ ಬರೆದಿಟ್ಟಿರುತ್ತದೆ.

ರಸ್ತೆಯದ್ದಲ್ಲ ಅಂತ ಖಾತ್ರಿಯಾದ ಮೇಲೆ ಟೈರು. ಒಂದು ಬದಿಯಲ್ಲಿ ಗಾಳಿ ಕಮ್ಮಿ ಇದ್ದರೆ ಗಾಡಿ ಆ ಬದಿಗೆ ಎಳೆಯುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಗಾಳಿ ನೋಡಬೇಕಾದ್ದು ಟೈರು ತಣ್ಣಗಿದ್ದಾಗ. ಕುಂದಾಪುರದ ಮಧ್ಯಾಹ್ನ 33 ಡಿಗ್ರಿಯಲ್ಲಿ 32 ಪಿಎಸ್‌ಐ ಹಾಕಿಸಿ ಹುಲಿಕಲ್‌ಗೆ ಬಂದರೆ, ಮಾರನೇ ಬೆಳಿಗ್ಗೆ 20 ಡಿಗ್ರಿ ಚಳಿಗೆ ಸುಮಾರು 2 ಪಿಎಸ್‌ಐ ಇಳಿದಿರುತ್ತದೆ. ಎತ್ತರಕ್ಕೆ ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗುವುದರಿಂದ ಗೇಜಿನಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಆದರೆ ಇದೆಲ್ಲ ನಾಲ್ಕೂ ಟೈರಿಗೆ ಒಂದೇ ಥರ ಆಗುವುದರಿಂದ ಎಳೆತಕ್ಕೆ ಕಾರಣ ಅಲ್ಲ. ಎಡ ಬಲ ವ್ಯತ್ಯಾಸ ಇದ್ದರೆ ಮಾತ್ರ ಚಿಂತೆ.

ಗಾಳಿ ಸರಿ ಇದ್ದೂ ಟೈರೇ ಎಳೆಯುವುದುಂಟು. ರೇಡಿಯಲ್ ಟೈರಿನೊಳಗಿನ ಸ್ಟೀಲ್ ಬೆಲ್ಟ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೆ ಟೈರು ಸಿಲಿಂಡರಿನ ಬದಲು ಸ್ವಲ್ಪ ಶಂಕುವಿನ ಥರ ಆಗುತ್ತದೆ. ಟೀ ಲೋಟ ಮೇಜಿನ ಮೇಲೆ ಮಲಗಿಸಿ ಉರುಳಿಸಿ ನೋಡಿ, ನೇರ ಹೋಗಲ್ಲ, ಸಣ್ಣ ಬಾಯಿ ಇರುವ ಕಡೆಗೆ ಸುತ್ತು ಹಾಕುತ್ತದೆ. ಇದನ್ನು ಕಾನಿಸಿಟಿ ಅನ್ನುತ್ತಾರೆ. ಹೊಚ್ಚ ಹೊಸ ಟೈರಲ್ಲೂ ಇರಬಹುದು, ಅಲೈನ್‌ಮೆಂಟ್ ಮೆಶಿನ್‌ಗೆ ಕಾಣುವುದೇ ಇಲ್ಲ. ಪತ್ತೆಗೆ ಬೇಕಾದ್ದು ಜಾಕಿ, ವೀಲ್ ಸ್ಪಾನರ್, ಅರ್ಧ ಗಂಟೆ. ಮುಂದಿನ ಎಡ ಬಲ ಚಕ್ರಗಳನ್ನು ಅದಲು ಬದಲು ಮಾಡಿ, ಅದೇ ಜಾಗದಲ್ಲಿ ಓಡಿಸಿ. ಎಳೆತ ದಿಕ್ಕು ಬದಲಿಸಿದರೆ ಕಳ್ಳ ಸಿಕ್ಕ. ಬದಲಾಗದಿದ್ದರೆ ಟೈರನ್ನು ಅನುಮಾನದಿಂದ ಬಿಟ್ಟುಬಿಡಬಹುದು. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಪರೀಕ್ಷೆ ಮುಗಿದ ಮೇಲೆ ವಾಪಸ್ ಹಾಕಿ. ನನ್ನ ಪ್ರಕಾರ ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮೊದಲು ಮಾಡಲೇಬೇಕಾದ ಕೆಲಸ ಇದೊಂದೇ. ಆದರೆ ಯಾರೂ ಮಾಡುವುದಿಲ್ಲ.

ಈಗ ಬ್ರೇಕು. ಹುಲಿಕಲ್ ಕಡೆಯ ಗಾಡಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರುತ್ತಿರಬೇಕು. ಪಿನ್‌ಗೆ ಗ್ರೀಸು, ಮೇಲೆ ರಬ್ಬರ್ ಟೋಪಿ. ಟೋಪಿ ಹರಿದರೆ ನೀರು ಒಳಗೆ, ಗ್ರೀಸು ಹೊರಗೆ, ಆಮೇಲೆ ತುಕ್ಕು. ನಾಲ್ಕು ತಿಂಗಳು ಒಣಗದ ಊರಲ್ಲಿ ಕೇಳಬೇಕಾ? ಪಿನ್ ಜಾಮ್ ಆದ ಕ್ಯಾಲಿಪರ್ ಎರಡು ಥರ ಕಾಟ ಕೊಡುತ್ತದೆ. ಒಂದು, ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ, ಆ ಬದಿಗೆ ಸದಾ ಎಳೆತ. ಇನ್ನೊಂದು, ಬ್ರೇಕ್ ಒತ್ತಿದಾಗ ಆ ಬದಿ ಸರಿಯಾಗಿ ಹಿಡಿಯುವುದೇ ಇಲ್ಲ, ಆಗ ಗಾಡಿ ಎದುರು ಬದಿಗೆ ಹೋಗುತ್ತದೆ.

ಎರಡನೆಯದನ್ನು ಗಮನವಿಟ್ಟು ಓದಿ. ಬ್ರೇಕ್ ಒತ್ತಿದಾಗ ಗಾಡಿ ಹೋಗುವುದು ಜಾಸ್ತಿ ಹಿಡಿಯುವ ಚಕ್ರದ ಕಡೆಗೆ. ಎಡಕ್ಕೆ ಹೋಯಿತು ಅಂದರೆ ಎಡದ್ದು ಜಾಸ್ತಿ ಹಿಡೀತಿರಬಹುದು, ಇಲ್ಲವೇ ಬಲದ್ದು ಹಿಡೀತಾನೇ ಇಲ್ಲದಿರಬಹುದು. ಗ್ಯಾರೇಜಿನಲ್ಲಿ ಮೊದಲು ಬಿಚ್ಚುವುದು ಎಳೆಯುವ ಬದಿಯ ಚಕ್ರವನ್ನೇ. ಅಲ್ಲಿ ಪ್ಯಾಡು, ಡಿಸ್ಕು ಎಲ್ಲ ಫಳಫಳ ಇರುತ್ತದೆ, ಏಕೆಂದರೆ ಕೆಲಸ ಮಾಡುತ್ತಿರುವುದು ಅದೊಂದೇ! ತಪ್ಪಿತಸ್ಥ ಆರಾಮಾಗಿ ಆಚೆ ಬದಿಯಲ್ಲಿ ಕೂತಿರುತ್ತಾನೆ. ಎರಡೂ ಬದಿ ಬಿಚ್ಚಿಸಿ ಹೋಲಿಸಿ. ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪ ಇದ್ದರೆ ಪಿನ್ ಜಾರುತ್ತಿಲ್ಲ ಅಂತ ಅರ್ಥ.

ಎಷ್ಟು ಬಲದ ಮಾತು ಇದು? ಎಡ ಬಲ ಮುಂಚಕ್ರಗಳ ಬ್ರೇಕ್ ಬಲದಲ್ಲಿ 1000 ನ್ಯೂಟನ್ ವ್ಯತ್ಯಾಸ ಇದೆ, ಚಕ್ರ ಗಾಡಿಯ ನಡುಗೆರೆಯಿಂದ 0.7 ಮೀಟರ್ ದೂರ ಇದೆ ಅಂದರೆ, ಗಾಡಿಯನ್ನು ತಿರುಗಿಸುವ ಮೊಮೆಂಟ್ 700 ನ್ಯೂಟನ್ ಮೀಟರ್. ಘಾಟಿ ಇಳಿಯುವಾಗ ಭಾರ ಮುಂದಕ್ಕೆ ಬರುವುದರಿಂದ ಮುಂದಿನ ಬ್ರೇಕುಗಳ ಕೆಲಸ ಇನ್ನೂ ಹೆಚ್ಚು, ವ್ಯತ್ಯಾಸವೂ ಹೆಚ್ಚು ಕಾಣುತ್ತದೆ. ಇದನ್ನು ಪಳಗಿಸೋಕೆ ಡಿಸೈನಿನಲ್ಲೇ ಒಂದು ಉಪಾಯ ಇದೆ. ಸ್ಟೇರಿಂಗ್ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗದ ನಡುವಿಗಿಂತ ಹೊರಗೆ ಬೀಳುವಂತೆ ಮಾಡುವುದು. ಇದೇ ನೆಗೆಟಿವ್ ಸ್ಕ್ರಬ್ ರೇಡಿಯಸ್. ಆಗ ಎಡ ಬ್ರೇಕ್ ಜಾಸ್ತಿ ಹಿಡಿದರೆ ಆ ಬಲವೇ ಚಕ್ರವನ್ನು ಬಲಕ್ಕೆ ತಿರುಗಿಸಿ ಸ್ವಲ್ಪ ಸರಿದೂಗಿಸುತ್ತದೆ. 1972ರ ಆಡಿ 80 ಇದಕ್ಕೆ ಹೆಸರಾದ ಕಾರು. ಇವತ್ತು ಇದು ಎಷ್ಟೋ ಕಾರುಗಳಲ್ಲಿದೆ. ಇದರಿಂದ ಒಂದು ತೊಂದರೆಯೂ ಉಂಟು: ಬ್ರೇಕ್ ಅರ್ಧ ಕೆಟ್ಟಿದ್ದರೂ ಡ್ರೈವರಿಗೆ ಬೇಗ ಗೊತ್ತಾಗುವುದಿಲ್ಲ.

ಬಿಡದೆ ಹಿಡಿದಿರುವ ಬ್ರೇಕನ್ನು ಪತ್ತೆ ಮಾಡಲು ಘಾಟಿಗಿಂತ ಒಳ್ಳೇ ಲ್ಯಾಬ್ ಇಲ್ಲ. ಹೊಸಂಗಡಿಯಿಂದ ಮೇಲಕ್ಕೆ ಹತ್ತುವಾಗ ಬ್ರೇಕ್ ಮುಟ್ಟುವ ಪ್ರಸಂಗವೇ ಕಮ್ಮಿ, ಎಕ್ಸಲರೇಟರ್ ಬಿಟ್ಟರೆ ಸಾಕು, ಏರು ತಾನೇ ನಿಧಾನ ಮಾಡುತ್ತದೆ. ಘಾಟಿಯಲ್ಲಿ ಚಂಡಿಕಾಂಬಾ ದೇವಸ್ಥಾನದ ಹತ್ತಿರ ಹೇಗೂ ಎಲ್ಲರೂ ಗಾಡಿ ನಿಲ್ಲಿಸಿ ಕೈ ಮುಗಿಯುತ್ತಾರೆ. ಆ ಕೈಯನ್ನೇ ನಾಲ್ಕೂ ಚಕ್ರಗಳ ರಿಮ್ಮಿನ ಹತ್ತಿರ ಹಿಡಿದು ನೋಡಿ. ಮುಟ್ಟಬೇಡಿ, ಡಿಸ್ಕ್ ಅಂತೂ ಚರ್ಮ ಸುಡುವಷ್ಟು ಕಾದಿರಬಹುದು. ಎಡ ಬಲ ಹೋಲಿಸಿದಾಗ ಒಂದು ಚಕ್ರ ಮಾತ್ರ ಒಲೆಯ ಹಾಗೆ ಬಿಸಿ ಹೊಡೆದರೆ ಆ ಬ್ರೇಕ್ ಬಿಡ್ತಾ ಇಲ್ಲ. ಇಳಿದು ಬಂದ ಮೇಲೆ ಇದೇ ಪರೀಕ್ಷೆ ಮಾಡಿದರೆ ಪ್ರಯೋಜನ ಇಲ್ಲ, ಆಗ ಎಲ್ಲವೂ ಕಾದಿರುತ್ತವೆ. ಇನ್ನೊಂದು ಸುಳಿವು: ಮನೆಯಿಂದ ಹೊರಟಾಗ ಎಳೆತ ಇಲ್ಲ, ಹತ್ತು ಕಿಲೋಮೀಟರ್ ಆದ ಮೇಲೆ ಶುರುವಾಗಿ ಹೆಚ್ಚುತ್ತಾ ಹೋಗುತ್ತದೆ ಅಂದರೆ ಅದು ಬ್ರೇಕೇ. ಅಲೈನ್‌ಮೆಂಟ್ ಬೆಳಿಗ್ಗೆಗೊಂದು ಮಧ್ಯಾಹ್ನಕ್ಕೊಂದು ಇರಲ್ಲ.

ನಮ್ಮ ಪಕ್ಕದ ಮನೆಯವರ ಹಳೇ ಹ್ಯಾಚ್‌ಬ್ಯಾಕ್ ಹೀಗೇ ಎರಡು ಸಲ ಅಲೈನ್‌ಮೆಂಟ್ ಕಂಡಿತ್ತು. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಎಡದ್ದು ಗಟ್ಟಿ. ಬ್ರೇಕಿನ ಬ್ಲೀಡರ್ ಸ್ಕ್ರೂ ಸಡಿಲಿಸಿದ ಕೂಡಲೇ ಚಕ್ರ ಹಗುರಾಗಿ ತಿರುಗಿತು. ಅಲ್ಲಿಗೆ ಪಿನ್ ಅಲ್ಲ ಅಂತಾಯ್ತು. ಒಳಗೆ ಆಯಿಲ್ ಒತ್ತಡ ಸಿಕ್ಕಿಹಾಕಿಕೊಂಡಿತ್ತು. ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಇತ್ತು, ಒಳಗೆ ಊದಿ ಒಮ್ಮುಖ ವಾಲ್ವಿನ ಥರ ಆಗಿತ್ತು: ಕಾಲಿನ ಒತ್ತಡಕ್ಕೆ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ಲೀಡರ್ ಬಿಟ್ಟ ಮೇಲೂ ಚಕ್ರ ಗಟ್ಟಿಯಾಗೇ ಇದ್ದಿದ್ದರೆ ಪಿಸ್ಟನ್ ಅಥವಾ ಪಿನ್ ನೋಡಬೇಕಿತ್ತು. ಒಂದು ಸ್ಕ್ರೂ ಸಡಿಲಿಸಿ ಎರಡು ಸಾಧ್ಯತೆ ಬೇರೆ ಮಾಡುವ ಈ ಉಪಾಯ ನನಗೆ ಯಾವ ಪಠ್ಯದಲ್ಲೂ ಸಿಗದಷ್ಟು ಇಷ್ಟವಾಯಿತು. ಆದರೆ ಸ್ಕ್ರೂ ಬಿಗಿ ಮಾಡಿ, ಗಾಳಿ ತೆಗೆದು, ಬ್ರೇಕ್ ಸರಿಯಾಗಿ ಹಿಡಿಯುತ್ತಾ ನೋಡದೆ ರಸ್ತೆಗಿಳಿಯಬಾರದು, ಇದು ಗೊತ್ತಿದ್ದವರ ಜೊತೆಗಿದ್ದು ಮಾಡುವ ಕೆಲಸ.

ಮಳೆಗೆ ನಿಂತ ಗಾಡಿ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಪಕ್ಕಕ್ಕೆ ಹೋಗಿ ಆಮೇಲೆ ಸರಿಯಾದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ರಸ್ತೆಯಂಚಿನ ನೀರಿಗೆ ಎಡ ಚಕ್ರ ಇಳಿದಾಗ ಎಡಕ್ಕೆ ಎಳೆಯುವುದೂ ಹಾಗೇ, ಅಲ್ಲಿ ನೀರಿನ ತಡೆ ಮಾತ್ರ. ನಿಧಾನ ಹೋಗಿ.

ಇನ್ನು ಗುಂಡಿ. ನಮ್ಮಲ್ಲಿ ಗುಂಡಿಗೆ ಬೀಳುವುದು ಹೆಚ್ಚಾಗಿ ಮುಂದಿನ ಎಡ ಚಕ್ರ, ಅಂಚು ಕುಸಿಯುವುದು ಅಲ್ಲೇ. ಹೊಡೆತಕ್ಕೆ ಲೋಯರ್ ಆರ್ಮ್ ಬಾಗಿ ಚಕ್ರದ ಬುಡ ಹಿಂದಕ್ಕೆ ಹೋದರೆ ಆ ಬದಿಯ ಕ್ಯಾಸ್ಟರ್ ಕಮ್ಮಿಯಾಗುತ್ತದೆ. ಕ್ಯಾಸ್ಟರ್ ಕಮ್ಮಿ ಇರುವ ಬದಿಗೆ ಗಾಡಿ ಎಳೆಯುತ್ತದೆ. ಕ್ಯಾಂಬರ್ ಆದರೆ, ಚಕ್ರದ ತಲೆ ಹೆಚ್ಚು ಹೊರಕ್ಕೆ ವಾಲಿದ ಬದಿಗೆ. ಎರಡೂ ಬದಿಗೂ ವ್ಯತ್ಯಾಸ ಅರ್ಧ ಡಿಗ್ರಿ ದಾಟಿದರೆ ಕೈಗೆ ಗೊತ್ತಾಗೋಕೆ ಶುರುವಾಗುತ್ತದೆ.

ಇದನ್ನು ಹಾಸ್ಟೆಲ್ ಅಂಗಳದಲ್ಲೇ ಅಳೆಯಬಹುದು. ಸ್ಟೇರಿಂಗ್ ನೇರ ಮಾಡಿ, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಟೇಪ್ ಹಿಡಿಯಿರಿ, ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಸ್ಟ್ರಟ್ಟಿನ ಮೇಲ್ತುದಿಗೂ ಕೆಳಗಿನ ಬಾಲ್ ಜಾಯಿಂಟ್‌ಗೂ ಸುಮಾರು 600 ಮಿ.ಮೀ. ಎತ್ತರ ಇದ್ದರೆ, ಚಕ್ರದ ಬುಡ 10 ಮಿ.ಮೀ. ಹಿಂದೆ ಸರಿದದ್ದಕ್ಕೆ ಕ್ಯಾಸ್ಟರ್ ಸುಮಾರು 1 ಡಿಗ್ರಿ ಹೋಯಿತು. ಕ್ಯಾಂಬರಿಗೆ ದಾರಕ್ಕೆ ನಟ್ ಕಟ್ಟಿ ತೂಗುಬಿಟ್ಟು, ರಿಮ್ಮಿನ ಮೇಲಂಚು ಕೆಳಂಚುಗಳ ಅಂತರ ನೋಡಿ. 350 ಮಿ.ಮೀ. ರಿಮ್ಮಿನಲ್ಲಿ 6 ಮಿ.ಮೀ. ವ್ಯತ್ಯಾಸ ಅಂದರೆ 1 ಡಿಗ್ರಿ. ನೆಲ ವಾಲಿದ್ದರೂ ಪರವಾಗಿಲ್ಲ, ಗಾಡಿಯನ್ನು ಅದೇ ಜಾಗದಲ್ಲಿ ತಿರುಗಿಸಿ ನಿಲ್ಲಿಸಿ ಮತ್ತೆ ಅಳೆದು ಸರಾಸರಿ ತಗೊಳ್ಳಿ. (ಹಳೇ ರೆನೋ 4 ಕಾರಿಗೆ ಈ ಟೇಪ್ ಹಿಡಿದರೆ ಎಡ ಬಲ ಸುಮಾರು 5 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಹಿಂದಿನ ಟಾರ್ಶನ್ ಬಾರ್‌ಗಳನ್ನು ಒಂದರ ಹಿಂದೊಂದು ಅಡ್ಡ ಇಟ್ಟದ್ದರಿಂದ ಕಂಪನಿಯೇ ಹಾಗೆ ಮಾಡಿತ್ತು, ಕಾರು ನೇರವಾಗೇ ಓಡುತ್ತಿತ್ತು. ಹಿಂಚಕ್ರ ಹಿಂದೆ ಮುಂದೆ ಇದ್ದರೆ ಎಳೆತ ಬರಲ್ಲ, ಎಳೆಯುವುದು ಮುಂದಿನ ಕ್ಯಾಸ್ಟರ್.) ಬಾಗಿದ ಭಾಗವನ್ನು ಜಾಕ್ ಕೊಟ್ಟು ನೆಟ್ಟಗೆ ಮಾಡುವವರಿದ್ದಾರೆ. ಚಕ್ರ ಹಿಡಿದಿರುವ ಕಬ್ಬಿಣಕ್ಕೆ ಆ ಉಪಚಾರ ನನಗೆ ಒಪ್ಪಿಗೆಯಿಲ್ಲ, ಬದಲಿಸಬೇಕು.

ತಿರುವುಗಳಲ್ಲಿ ಮಾತ್ರ ಕಾಣುವ ಇನ್ನೊಂದು ದೋಷ ಇದೆ. ಬಲ ತಿರುವು ಮುಗಿದ ಮೇಲೆ ಬಲಕ್ಕೇ ಎಳೆತ, ಎಡ ತಿರುವು ಮುಗಿದ ಮೇಲೆ ಎಡಕ್ಕೆ. ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸ್ಟ್ರಟ್ಟಿನ ಮೇಲಿನ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಬಿಗಿಯಾಗಿದೆ ಅಂತ ಅದು ಹೇಳುತ್ತಿದೆ. ನೇರ ಹೆದ್ದಾರಿಯಲ್ಲಿ ತಿಂಗಳುಗಟ್ಟಲೆ ಗೊತ್ತಾಗದ್ದು ಹುಲಿಕಲ್‌ನ ಮೂರನೇ ತಿರುವಿನಲ್ಲಿ ಗೊತ್ತಾಗುತ್ತದೆ. ಹಾಗೇ ಎಕ್ಸಲರೇಟರ್ ಒತ್ತಿದರೆ ಒಂದು ಕಡೆ, ಬಿಟ್ಟರೆ ಇನ್ನೊಂದು ಕಡೆ ಹೋದರೆ ಲೋಯರ್ ಆರ್ಮಿನ ಬುಷ್ ಸಡಿಲ ಆಗಿ ಚಕ್ರ ಹಿಂದೆ ಮುಂದೆ ಆಡುತ್ತಿದೆ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಮೇಲಿನದೆಲ್ಲ ಸರಿ ಇದ್ದೂ ಎಳೆದರೆ ಅದರ ಸೆನ್ಸರ್‌ನ ಸೊನ್ನೆ ತಪ್ಪಿರಬಹುದು, ಅದಕ್ಕೆ ಸ್ಕ್ಯಾನರ್ ಬೇಕು.

ಈ ಪರೀಕ್ಷೆಗಳಲ್ಲಿ ಯಾವುದಕ್ಕೂ ಸ್ಟೇರಿಂಗ್ ಪೂರ್ತಿ ಬಿಡಬೇಡಿ, ಬೆರಳುಗಳು ಅದರ ಸುತ್ತ ಸಡಿಲವಾಗಿ ಇರಲಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಅಂತೂ ಬೇಡವೇ ಬೇಡ, ಎರಡನೇ ಗೇರಿನಲ್ಲಿ ಇಂಜಿನ್ ಹಿಡಿದುಕೊಳ್ಳಲಿ.

ಗ್ಯಾರೇಜಿಗೆ ಹೋದಾಗ "ಎಳೀತದೆ" ಅಂತ ಒಂದೇ ಮಾತು ಹೇಳಿದರೆ ಮತ್ತದೇ ಹಸಿರು ಹಾಳೆ ಸಿಗುತ್ತದೆ. ಅದರ ಬದಲು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ: ಯಾವ ಕಡೆ, ಶುರುವಿನಿಂದಲೋ ಬಿಸಿಯಾದ ಮೇಲೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಟೈರು ಅದಲು ಬದಲು ಮಾಡಿದ ಮೇಲೆ ಏನಾಯಿತು, ಹತ್ತಿ ಬಂದಾಗ ಯಾವ ಚಕ್ರ ಬಿಸಿ ಇತ್ತು, ಟೇಪಿನಲ್ಲಿ ಎಡ ಎಷ್ಟು ಬಲ ಎಷ್ಟು. ನಮ್ಮ ಕಡೆಯ ಮೇಸ್ತ್ರಿಗಳಿಗೆ ಕೈಕೆಲಸ ನಮಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೆ ಗ್ಯಾರೇಜಿನ ಮುಂದಿನ ಐವತ್ತು ಮೀಟರ್ ರಸ್ತೆಯಲ್ಲಿ ಅವರಿಗೆ ಘಾಟಿ ಸಿಗುವುದಿಲ್ಲ.